ನೇಜಿ ಹಿಡಿದು ನಿಂತವಳು

ಭಾಗಮಂಡಲದ ದಾರಿಯ ಹುಲ್ಲುಮಾಡಿನ ಶಾಲೆಗೆ ಮಡಿಕೇರಿಯಿಂದ ಇನ್‌ಸ್ಪೆಕ್ಟರು ಪರೀಕ್ಷೆ ಮಾಡಲು ಬರುವ ಸುದ್ದಿ ಬಂದಾಗ ಶಿವಶಂಕರಪ್ಪ ಮೇಷ್ಟ್ರು ನೆಚ್ಚಿಕೊಂಡದ್ದು ನೀಲಾವತಿಯನ್ನು. ನಾಲ್ಕನೇ ಕ್ಲಾಸು ಪಾಸಾದರೆ ಮಡಿಕೇರಿ ಶಾಲೆಗೆ, ಇಲ್ಲದಿದ್ದರೆ ಗದ್ದೆಗೆ ಎಂದು ಅವಳ ಅಪ್ಪ ಪೂವಯ್ಯ ಹೇಳಿಬಿಟ್ಟಿದ್ದ.

ಈ ಸಲ ಬಾಯಿಪಾಠದ ಜೊತೆಗೆ, ಮಕ್ಕಳು ಯಾವುದಾದರೊಂದು ಕೆಲಸವನ್ನು ವಿವರಿಸುತ್ತ ಮಾಡಿ ತೋರಿಸಬೇಕಿತ್ತು. ಷಟ್ಪದಿ ಕೇಳುತ್ತಲೇ ಬೆಳೆದ ಮೇಷ್ಟ್ರಿಗೆ ಮಾತೆಂದರೆ ದೇವರ ಮುಂದಿನ ದೀಪ. ಮಕ್ಕಳ ಬಾಯಲ್ಲಿ ಪುಸ್ತಕದ ಕನ್ನಡ ಬಿಟ್ಟು ಮನೆಯ ಅರೆಭಾಷೆ ಬಂದರೆ ಸ್ಲೇಟನ್ನು ತಲೆಯ ಮೇಲೆ ಹೊತ್ತು ನಿಲ್ಲಬೇಕೆಂದು ಕಟ್ಟಳೆ ಮಾಡಿದರು.

“ನಂಗೆ ಗೊತ್ಲೆ,” ಎಂದಳು ನೀಲಾವತಿ ಒಂದು ದಿನ.

“ಗೊತ್ತಿಲ್ಲ ಅನ್ನು. ಎತ್ತು ಸ್ಲೇಟು.”

“ನೀಲಕ್ಕನ ಕಿರೀಟ ನೋಡೀ!” ಹಿಂದಿನ ಸಾಲಿನ ಚಿನ್ನ ಕಿಸಕ್ಕನೆ ನಕ್ಕ.

ಆಮೇಲಾಮೇಲೆ ಅವಳ ಮಾತು ಕಡಿಮೆಯಾಯಿತು. ಮೇಷ್ಟ್ರು ಅದನ್ನು ವಿನಯವೆಂದುಕೊಂಡರು.

ಪರೀಕ್ಷೆಯ ದಿನ ಅವಳು ಒಂದಕ್ಷರ ತಪ್ಪದೆ ಪದ್ಯ ಹೇಳಿದಳು. ಇನ್‌ಸ್ಪೆಕ್ಟರು ತಲೆದೂಗಿ, ಅಂಗಳದಿಂದ ಒಂದು ಹಿಡಿ ಹುಲ್ಲು ಕಿತ್ತು ಕೊಟ್ಟರು. “ಇದು ನೇಜಿ, ಭತ್ತದ ಸಸಿ ಅಂದ್ಕೋ ಮಗು. ನಾಟಿ ಹೇಗೆ ಮಾಡ್ತೀರಿ? ಹೇಳ್ತಾ ಹೇಳ್ತಾ ಮಾಡಿ ತೋರ್ಸು.”

ಮಾಡಿ ತೋರಿಸಲೆಂದು ಮೇಷ್ಟ್ರು ಕಲಿಸಿದ್ದು ಅಂಗಡಿಗೆ ಹೋಗಿಬರುವ ಪಾಠ. ಆದರೂ ಹೆದರಲಿಲ್ಲ, ಹುಡುಗಿ ಗದ್ದೆಯಲ್ಲೇ ಬೆಳೆದವಳು. ನೀಲಾವತಿಯ ತುಟಿ ಅಲುಗಿತು. ನಾಟಿಯ ಒಂದೊಂದು ಮಾತೂ ಮನೆಯದೇ. ಅವಳು ಮೇಷ್ಟ್ರ ಮುಖ ನೋಡಿದಳು.

ನಿಮ್ಮ ಮನೆ ಮಾತಲ್ಲೇ ಹೇಳು ಮಗಾ. ಮೇಷ್ಟ್ರು ಅಷ್ಟು ಅಂದಿದ್ದರೆ ಸಾಕಿತ್ತು. ನಾಲಿಗೆಯ ತುದಿಯವರೆಗೂ ಬಂತು. ಇನ್‌ಸ್ಪೆಕ್ಟರು ಏನೆಂದುಕೊಂಡಾರೋ ಎಂದು ಮೇಷ್ಟ್ರು ನುಂಗಿಕೊಂಡರು.

“ಗದ್ದೆಗೆ ಇಳಿದೇ ಇಲ್ವೇನಮ್ಮ?” ಇನ್‌ಸ್ಪೆಕ್ಟರು ಕಾದರು, ಕೊನೆಗೆ ಮುಂದಿನ ಹುಡುಗನನ್ನು ಕರೆದರು. ನೀಲಾವತಿ ಪಾಸಾಗಲಿಲ್ಲ.

“ಮನೇಲಿ ಇವಳ ಬಾಯಿ ಮುಚ್ಚಿಸಿಕೆ ಆಲೆ ಮೇಷ್ಟ್ರೇ, ಅಷ್ಟು ಮಾತು,” ಎಂದ ಪೂವಯ್ಯ, ಮಗಳ ಸ್ಲೇಟನ್ನು ಕಂಕುಳಿಗೆ ಸೇರಿಸುತ್ತ. “ಇಲ್ಲಿ ಎಂತ ಆತ್?”

ಮರುದಿನದಿಂದ ಮೇಷ್ಟ್ರು ಸ್ಲೇಟು ಹೊರಿಸುವುದನ್ನು ಬಿಟ್ಟರು. ಅವಳ ಜಾಗ ಖಾಲಿಯೇ ಉಳಿಯಿತು.

ನಾಟಿಯ ಕಾಲಕ್ಕೆ, ಅವಳನ್ನು ಮತ್ತೆ ಶಾಲೆಗೆ ಕಳಿಸುವಂತೆ ಕೇಳಿನೋಡೋಣವೆಂದು ಪೂವಯ್ಯನ ಗದ್ದೆಯ ಕಡೆ ಹೋದರು. ಮಳೆಯಲ್ಲಿ ನೀಲಾವತಿ ತಮ್ಮನಿಗೆ ನಾಟಿ ಕಲಿಸುತ್ತಿದ್ದಳು. ಬೇರು ಹೇಗೆ ಹಿಡಿಯಬೇಕು, ಬೆರಳು ಎಷ್ಟು ಇಳಿಯಬೇಕು, ಸಾಲು ಯಾಕೆ ಸೊಟ್ಟಗಾಗುತ್ತದೆ ಎಂದು ಮನೆಯ ಮಾತಿನಲ್ಲಿ, ನಗುನಗುತ್ತ. ಯಾವ ಪದ್ಯಕ್ಕೂ ಕಡಿಮೆಯಿಲ್ಲದ ಓಟ. ಮೇಷ್ಟ್ರು ಬದುವಿನ ಮೇಲೆ ಉಸಿರು ಹಿಡಿದು ಕೇಳಿದರು.

ಅವಳು ತಲೆಯೆತ್ತಿದಳು. ಮಾತು ಅರ್ಧಕ್ಕೇ ನಿಂತಿತು. ನೇಜಿ ಹಿಡಿದ ಎರಡೂ ಕೈ ತಾನಾಗಿ ತಲೆಯ ಮೇಲಕ್ಕೆ ಹೋದವು.