ಇನ್ನು ಐದು ದಿನ

ಪೇಟ ಸೇಸಪ್ಪನವರ ತಲೆಗೆ ಸಣ್ಣದಾಗಿತ್ತು. ಕನ್ನಡ ಸಂಘದ ಅಧ್ಯಕ್ಷ ಶ್ಯಾಮಸುಂದರ್ ಎರಡೂ ಕೈಯಲ್ಲಿ ಒತ್ತಿದರೂ ಅದು ಹಣೆಯಿಂದ ಕೆಳಗಿಳಿಯಲಿಲ್ಲ.

"ಸ್ವಲ್ಪ ಬಗ್ಗಿ ಸಾರ್, ಫೋಟೋ ತೆಗೆಯೋವರೆಗೆ ಅಷ್ಟೆ."

ಸೇಸಪ್ಪನವರು ಬಗ್ಗಿದರು. ಎಲ್ಲಿ ಬಗ್ಗಬೇಕು ಎನ್ನುವುದನ್ನು ನಲವತ್ತು ವರ್ಷದ ರಾಜಕೀಯ ಅವರಿಗೆ ಚೆನ್ನಾಗಿಯೇ ಕಲಿಸಿತ್ತು.

ಶುಕ್ರವಾರದ ರಜೆ, ಕುವೈತಿನ ಸಲ್ವಾದ ಆ ಬಾಡಿಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಬ್ಯಾಂಕಿನವರು, ಡಾಕ್ಟರುಗಳು, ಅವರ ರೇಷ್ಮೆ ಸೀರೆಯ ಹೆಂಡತಿಯರು. ಹಿಂದೆ, ಊಟದ ವಾಸನೆ ಬರುವ ಬಾಗಿಲ ಬಳಿ, ಅರ್ದಿಯಾದ ಗೋದಾಮುಗಳಿಂದ ಕಂಪನಿ ಬಸ್ಸಿನಲ್ಲಿ ಬಂದ ಕೆಲಸದವರು. ಚಿನ್ಮಯಿ ಎಂಬ ಕಾಲೇಜು ಹುಡುಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದ ಅಭಿನಂದನಾ ಪತ್ರವನ್ನು ತಡವರಿಸುತ್ತ ಓದಿದಳು: ಎರಡು ಬಾರಿ ಶಾಸಕರು, ಹದಿನಾಲ್ಕು ತಿಂಗಳು ಸಚಿವರು, ಮೂರು ವರ್ಷ ವಿಮಾ ನಿಯಂತ್ರಣ ಮಂಡಳಿಯ ಸದಸ್ಯರು.

ಚುನಾವಣೆಯಲ್ಲಿ ಸೋತು ಪಕ್ಷದ ಕಚೇರಿಯಲ್ಲಿ ರಗಳೆ ಮಾಡುತ್ತಿದ್ದ ಸೇಸಪ್ಪನವರ ಬಾಯಿ ಮುಚ್ಚಿಸಲು ಆ ಮಂಡಳಿಗೆ ಕಳಿಸಿದ್ದರು ಎಂದು ಪತ್ರದಲ್ಲಿರಲಿಲ್ಲ. ಆದರೆ ಅಲ್ಲಿ ಮಾಡಲು ಬೇರೇನೂ ಇಲ್ಲದೆ ಈ ಮನುಷ್ಯ ಕಾನೂನು ಓದಿದ್ದ, ನಿಜಕ್ಕೂ ಕಲಿತಿದ್ದ. ತಿಂಗಳ ಹಿಂದೆ ಊರಿನಲ್ಲಿ ಉಪಚುನಾವಣೆ ಬಂದಾಗ, ಟಿಕೆಟ್ ತನಗೇ ಎಂಬ ಧೈರ್ಯದಲ್ಲಿ ರಾಜೀನಾಮೆ ಬಿಸಾಕಿ ಬಂದಿದ್ದರು. ಕುವೈತಿನವರು ಶಾಲು ಹೊದಿಸಿದ್ದು ಮಾಜಿಗೆ ಅಲ್ಲ, ಮುಂದಿನ ಮಂತ್ರಿಗೆ.

ಚಪ್ಪಾಳೆ ಮುಗಿಯುತ್ತಿದ್ದಂತೆ ಉಮಾವತಿ ನೀಲಿ ಫೈಲು ಹಿಡಿದು ವೇದಿಕೆ ಹತ್ತಿದಳು. ಇಲ್ಲೇ ಸಲ್ವಾದ ಅರಬರ ಮನೆಯಲ್ಲಿ ಅಡುಗೆ ಕೆಲಸ ಅವಳದು. ಎರಡು ನಿಮಿಷ ಮಾತಾಡಿಸುತ್ತೇನೆಂದು ಶ್ಯಾಮಸುಂದರ್ ಮಾತು ಕೊಟ್ಟಿದ್ದರು, ಬದಲಿಗೆ ಬೆಳಿಗ್ಗೆ ಆರರಿಂದ ಅವಳು ಸಂಘದ ಊಟಕ್ಕೆ ತರಕಾರಿ ಹೆಚ್ಚಿದ್ದಳು.

"ಈರೆನ ಊರು ಓಲು?" ಸೇಸಪ್ಪನವರು ಮೈಕು ಬಾಯಿಗೆ ಹಿಡಿದೇ ತುಳುವಿನಲ್ಲಿ ಊರು ಕೇಳಿದರು. ಹಿಂದಿನ ಸಾಲುಗಳಲ್ಲಿ ಸಿಳ್ಳೆ ಬಿತ್ತು.

ಉಮಾವತಿ ಊರು ಹೇಳಿದಳು. ಎಲ್ಲರಿಗೂ ತಿಳಿಯಲೆಂದು ಕನ್ನಡಕ್ಕೆ ತಿರುಗಿದಳು. "ನನ್ನ ಗಂಡ ರೋಶನ್ ಅರ್ದಿಯಾದ ಗೋದಾಮಿನಲ್ಲಿ ಮೇಲಿಂದ ಬಿದ್ದು ತೀರಿಕೊಂಡ್ರು ಸಾರ್. ಊರಿನ ಇನ್ಶೂರೆನ್ಸಿನವರು ದುಡ್ಡು ಕೊಡುವುದಿಲ್ಲ ಅಂತ ಬರ್ದಿದ್ದಾರೆ. ಹದಿನೆಂಟು ಲಕ್ಷ. ಮಗಳು ಅಶ್ಮಿತಾ ನರ್ಸಿಂಗ್ ಅರ್ಧಕ್ಕೆ ಬಿಟ್ಟು ಕೂತಿದ್ದಾಳೆ."

"ಈ ತಾಯಿಯ ಕೆಲಸ ಇನ್ನು ನನ್ನ ಕೆಲಸ!" ಸೇಸಪ್ಪನವರು ಫೈಲನ್ನು ಎತ್ತಿ ಸಭೆಗೆ ತೋರಿಸಿದರು. ಉಮಾವತಿ ಅವರ ಕಾಲು ಮುಟ್ಟಿದಳು. ಅದರದೂ ಫೋಟೋ ಆಯಿತು.

ಆಗಲೇ ಮೂರನೇ ಸಾಲಿನಲ್ಲಿ ಒಂದು ಫೋನು ಗುರ್ರೆಂದಿತು. ಮತ್ತೊಂದು. ನೋಡನೋಡುತ್ತ ಎಲ್ಲರ ತಲೆಗಳೂ ಬಗ್ಗಿದವು. ಟಿಕೆಟ್ ಪ್ರಕಟವಾಗಿತ್ತು, ಹೋಟೆಲ್ ಉದ್ಯಮಿ ಪ್ರೀತಮ್‌ಗೆ ಸಿಕ್ಕಿತ್ತು. ಪ್ರೀತಮ್‌ನ ಭಾವ ರಾಜೀವ್, ಇಲ್ಲೇ ರಾಯ್ ಬಡಾವಣೆಯಲ್ಲಿ ಟೈಲ್ಸ್ ಶೋರೂಮಿನ ಮ್ಯಾನೇಜರು, ಇದುವರೆಗೆ ಕಂಬದ ಮರೆಯ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ. ಶ್ಯಾಮಸುಂದರ್ ವೇದಿಕೆ ಇಳಿದು ಹೋಗಿ ಅವನ ಕೈ ಕುಲುಕಿದರು. ಹೂಗುಚ್ಛವೊಂದು ಮಿಕ್ಕಿತ್ತು, ಅದು ಅವನ ಕೈಗೆ ಹೋಯಿತು. ಯಾರೋ ಕುರ್ಚಿ ತಂದರು. ವೇದಿಕೆಯ ಮೇಲಿದ್ದ ಖಜಾಂಚಿ "ಒಂದ್ನಿಮಿಷ ಸಾರ್" ಎಂದು ಎದ್ದವರು ಮತ್ತೆ ಬರಲಿಲ್ಲ.

"ಊಟ ರೆಡಿ ಇದೆ, ಯಲ್ಲಾ, ಎಲ್ರೂ ಬನ್ನಿ," ಎಂದು ಶ್ಯಾಮಸುಂದರ್ ಅರಬ್ಬಿ ಬೆರೆಸಿ ಕೆಳಗಿನಿಂದಲೇ ಕೂಗಿದರು. ಮುಖ್ಯ ಅತಿಥಿಯ ಭಾಷಣ ಇನ್ನೂ ಆಗಿರಲಿಲ್ಲ. ಅದು ಒಬ್ಬರಿಗೂ ನೆನಪಾಗಲಿಲ್ಲ, ನೆನಪಾದವರೂ ಹಸಿದಿದ್ದರು.

ಸೇಸಪ್ಪನವರು ವೇದಿಕೆಯ ಮೇಲೆ ಒಬ್ಬರೇ ಉಳಿದರು. ಫೋನು ನೋಡುವ ಧೈರ್ಯವಿರಲಿಲ್ಲ, ಸಭೆಯನ್ನು ನೋಡುವ ಹಾಗಿರಲಿಲ್ಲ. ಕಣ್ಣಿಗೊಂದು ಜಾಗ ಬೇಕೆಂದು ತೊಡೆಯ ಮೇಲಿದ್ದ ಫೈಲು ಬಿಡಿಸಿದರು. ಬಿಡಿಸಿದ ಮೇಲೆ ಓದದಿರಲು ಆಗಲಿಲ್ಲ.

ಏಜೆಂಟ್ ಪಾಲಿಸಿಯ ಅರ್ಜಿಯಲ್ಲಿ 'ಗುಮಾಸ್ತ' ಎಂದು ತುಂಬಿಸಿದ್ದ, ಸತ್ತವನು ಮಾಲು ಹೊರುವವನು. ಸುಳ್ಳು ಮಾಹಿತಿ ಎಂದು ಕಂಪನಿ ಕೈಯೆತ್ತಿತ್ತು. ಪಾಲಿಸಿಗೆ ಆಗ ಐದು ವರ್ಷ. ಮೂರು ವರ್ಷ ದಾಟಿದ ಪಾಲಿಸಿಯ ಮೇಲೆ ಇಂಥ ತಕರಾರು ಎತ್ತುವಂತಿಲ್ಲ ಎಂದು ಕಂಪನಿಗಳಿಗೆ ನೆನಪಿಸಿದ ಸುತ್ತೋಲೆಗೆ ಸಹಿ ಹಾಕಿದ್ದು ಸ್ವತಃ ಸೇಸಪ್ಪನವರು. ವಿಮಾ ಒಂಬುಡ್ಸ್‌ಮನ್‌ಗೆ ಒಂದು ಪುಟದ ದೂರು ಸಾಕು, ಮೊಬೈಲಿನಿಂದಲೇ ಕಳಿಸಬಹುದು. ಆದರೆ ಕಂಪನಿಯ ಪತ್ರ ಬಂದ ವರ್ಷದೊಳಗೆ ಕಳಿಸಬೇಕು, ಆಮೇಲೆ ತೆಗೆದುಕೊಳ್ಳುವುದಿಲ್ಲ. ಅವರು ತಾರೀಕು ನೋಡಿದರು. ಬರುವ ಬುಧವಾರಕ್ಕೆ ವರ್ಷ ತುಂಬುತ್ತಿತ್ತು. ಇನ್ನು ಐದು ದಿನ.

ಎದೆಯಲ್ಲಿ ಏನೋ ಹಗುರವಾಯಿತು. ಯಾವ ಕುರ್ಚಿಯೂ ಇಲ್ಲದೆ ತಾನು ಮಾಡಬಲ್ಲ ಕೆಲಸವೊಂದು ಇತ್ತು. ಪೆನ್ನಿಗಾಗಿ ಜೇಬು ಮುಟ್ಟಿದರು.

"ಸಾರ್..."

ಉಮಾವತಿ ಎದುರು ನಿಂತಿದ್ದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು.

"ಆ ಫೈಲು ಒಮ್ಮೆ ಕೊಡ್ತೀರಾ? ಒರಿಜಿನಲ್ ಎಲ್ಲ ಅದರಲ್ಲೇ ಉಂಟು. ರಾಜೀವಣ್ಣನ ಹತ್ರ ಕೊಡ್ಲಿಕ್ಕೆ ಹೇಳಿದ್ರು ಶ್ಯಾಮಸುಂದರ್ ಸಾರ್. ಇನ್ನು ಅವರ ಬಾವನದ್ದೇ ಅಲ್ವಾ ನಡೆಯುವುದು... ತಪ್ಪು ತಿಳ್ಕೊಳ್ಬೇಡಿ."

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವರು ಬೈದು, ಆಮೇಲೆ ವಿಷಯ ಹೇಳಿಬಿಡುತ್ತಿದ್ದರೇನೋ. ಬಡವಿಯ ಆ ಸೀದಾ ಲೆಕ್ಕಾಚಾರ ಅವರ ಕರುಳಿಗೇ ಚುಚ್ಚಿತು. ಅಧ್ಯಕ್ಷ, ಖಜಾಂಚಿ, ಎಲ್ಲರೂ ಎದ್ದು ಹೋದದ್ದನ್ನು ನುಂಗಿದ್ದರು, ಇದನ್ನು ನುಂಗಲಾಗಲಿಲ್ಲ.

"ರಾಜೀವ್ ಏನಂದ್ರು?"

"ಬಾವ ಗೆದ್ದು ಬರ್ಲಿ, ಮುಂದಿನ ತಿಂಗಳು ನೋಡುವ ಅಂದ್ರು. ಏನೂ ಅವಸರ ಇಲ್ವಲ್ಲ ಸಾರ್ ಇದಕ್ಕೆ?"

ಸೇಸಪ್ಪನವರು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರು. ತಾರೀಕಿದ್ದ ಪತ್ರವನ್ನು ಎಲ್ಲಕ್ಕಿಂತ ಅಡಿಗೆ ಇಟ್ಟರು. ದಾರ ಎಳೆದು ಗಂಟು ಹಾಕಿದರು.

"ಇಲ್ಲ," ಎಂದರು. "ಎಂಥ ಅವಸರ?"

ಅವಳು ಕೈಮುಗಿದು ಇಳಿದು ಹೋದಳು. ರಾಜೀವ್‌ನ ಒಂದು ಕೈಯಲ್ಲಿ ತಟ್ಟೆಯಿತ್ತು. ಅವನು ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಪ್ಪಳ ಮುರಿದ.

ಸ್ವಲ್ಪ ಹೊತ್ತಿಗೆ ಉಮಾವತಿ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಅನ್ನ, ಸಾರು, ಎರಡು ಬಗೆಯ ಪಲ್ಯ ಬಡಿಸಿದ ತಟ್ಟೆ.

"ನಿಮಗೆ ಯಾರೂ ತಂದು ಕೊಡ್ಲಿಲ್ಲ ಅಲ್ವಾ," ಎಂದು ತಟ್ಟೆಯನ್ನು ಅವರ ಮುಂದಿಟ್ಟಳು. "ಉಣ್ಣಿ ಸಾರ್. ಪಲ್ಯದ ಬೀನ್ಸ್ ನಾನೇ ಹೆಚ್ಚಿದ್ದು."

ಸೇಸಪ್ಪನವರು ಪೇಟ ತೆಗೆದು ಪಕ್ಕದ ಕುರ್ಚಿಯಲ್ಲಿಟ್ಟರು. ಹಣೆಯ ಮೇಲೆ ಅದರ ಕೆಂಪು ಗೆರೆ ಮೂಡಿತ್ತು. ಅನ್ನ ಕಲಸಿ ಉಂಡರು. ಪಲ್ಯ ಚೆನ್ನಾಗಿತ್ತು. ಅವಳು ಅಲ್ಲೇ ನಿಂತು, ತಟ್ಟೆ ಖಾಲಿಯಾಗುವವರೆಗೆ ಕಾದಳು.

"ಪಾಯಸ ತರ್ಲಾ ಸಾರ್?"

"ತನ್ನಿ," ಎಂದರು ಸೇಸಪ್ಪನವರು, ತಲೆ ಎತ್ತದೆ.