ಇಂಟರ್ವಲ್ ಆದ ಮೇಲೆ ನಗಬೇಕು

ಸೋಮವಾರ ಮಧ್ಯಾಹ್ನದ ಆಟಕ್ಕೆ ಓಣಿಯ ಹೆಂಗಸರೆಲ್ಲ ಹೋಗುವುದೆಂದು ನಳದ ಹತ್ತಿರ ತೀರ್ಮಾನವಾದ ಮೇಲೆ ಗುರುಸಿದ್ದವ್ವನಿಗೆ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಗಾಂಧಿ ಚೌಕದ ಹಿಂದಿನ ಆ ಓಣಿಯಲ್ಲಿ ನಗಿಸುವ ಪಿಕ್ಚರ್ ಬಂತೆಂದರೆ ಮನೆಮನೆಯವರೂ ಹೊರಡಬೇಕು. ಬರದವರ ಮನೆಯ ಸುದ್ದಿಯೇ ಆ ದಿನದ ಪಿಕ್ಚರ್ ಆಗುತ್ತಿತ್ತು.

"ಕಾಶೀನ್ನೂ ಕರಕೊಂಡ ಬಾ ಬೇ," ಎಂದಿದ್ದಳು ಎದುರು ಮನೆಯ ರುದ್ರವ್ವ, ಕೊಡ ತೊಳೆಯುತ್ತ. "ಇಪ್ಪತ್ತ ದಿನ ಆತು, ನಿನ್ನ ಮಗಳು ನಳಕ್ಕ ಸೈತ ಬಂದಿಲ್ಲ. ಕೋಳಿಗತೆ ಕಾವಿಗೆ ಕುಂತಾಳೇನ?"

ಎಲ್ಲರೂ ನಕ್ಕರು. ಗುರುಸಿದ್ದವ್ವನೂ ನಕ್ಕಳು.

ರುದ್ರವ್ವನ ತವರು ಟಿಕೋಟಾ. ಗುರುಸಿದ್ದವ್ವನ ಗಂಡನ ಊರೂ ಅದೇ. ವಾರಕ್ಕೊಮ್ಮೆ ಬಸ್ಸು ಹತ್ತುವ ರುದ್ರವ್ವನ ಜೊತೆ ಓಣಿಯ ಮಾತೂ ಟಿಕೀಟಿಲ್ಲದೆ ಹತ್ತುತ್ತಿತ್ತು. ಹದಿನಾರರ ಕಾಶಿಗೆ ಮೂರನೇ ತಿಂಗಳೆಂಬುದು ಅಲ್ಲಿ ಗೊತ್ತಾದರೆ ಮುಂದೆ ಅವಳಿಗೆ ಯಾವ ಮನೆಯ ಬಾಗಿಲೂ ತೆರೆಯದು. ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಹುಡುಗ ಎತ್ತ ಹೋದನೆಂದು ಗ್ಯಾರೇಜಿನವರಿಗೂ ತಿಳಿಯದು. ಕಾಶಿಯ ತಂದೆ ಊಟಕ್ಕೆ ಕೂತರೆ ತಾಟಿನಿಂದ ತಲೆ ಎತ್ತುವುದಿಲ್ಲ. ಬಬಲೇಶ್ವರದಲ್ಲಿರುವ ಗುರುಸಿದ್ದವ್ವನ ತಂಗಿ ಸೀತವ್ವ, ಹೆರಿಗೆಯವರೆಗೆ ಹುಡುಗಿಯನ್ನು ಇಟ್ಟುಕೊಳ್ಳಲು ಒಪ್ಪಿದ್ದಳು. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸು. ಅಲ್ಲಿಯವರೆಗೆ ಒಂದೇ ಒಂದು ದಿನ ಮಾತು ಹೊರಬೀಳಬಾರದು.

ರುದ್ರವ್ವ ಆ ಪಿಕ್ಚರನ್ನು ಆಗಲೇ ಒಮ್ಮೆ ನೋಡಿ, ನಳದ ಕಟ್ಟೆಯ ಮೇಲೆ ಕುಣಿದು ತೋರಿಸಿಯೂ ಆಗಿತ್ತು. ಎರಡು ಜಡೆಯ ಸಾಲಿ ಹುಡುಗಿ ಹುಣಸೆಕಾಯಿ ತಿನ್ನುತ್ತಾಳೆ, ಬಾಯಿಗೆ ಕೈ ಹಿಡಿದು ಬಚ್ಚಲಿಗೆ ಓಡುತ್ತಾಳೆ. ಬಾಡಿಗೆಗಿದ್ದ ಡುಮ್ಮ ಬೆರಳು ಮಡಚಿ ತಿಂಗಳು ಎಣಿಸಿ ದೊಪ್ಪನೆ ಬೀಳುತ್ತಾನೆ. ಅಜ್ಜಿ ಕಸಬರಿಗೆ ಹಿಡಿದು ಅವನನ್ನೇ ಅಟ್ಟಿಸಿಕೊಂಡು ಹೋಗುತ್ತಾಳೆ.

ಅದನ್ನೇ ಗುರುಸಿದ್ದವ್ವ ರೊಟ್ಟಿ ಬಡಿಯುತ್ತ ಮಗಳಿಗೆ ಹೇಳಿಕೊಟ್ಟಳು.

"ಇಂಟರ್ವಲ್ ಆದಮ್ಯಾಲ ಬರತೈತಿ. ಆಕಿ ಬಚ್ಚಲಕ್ಕ ಓಡಿದ ಕೂಡ್ಲೇ ನಗಬೇಕು. ಎಲ್ಲಾರಕಿಂತ ಮದ್ಲ ಬ್ಯಾಡ, ಕಡೀಕೂ ಬ್ಯಾಡ. ನಡುವ ನಗು."

"ಹೆಂಗ ನಗಲಿ ಬೇ?"

"ಮದ್ಲ ಹೆಂಗ ನಗತಿದ್ದಿ, ಹಂಗ."

ಕಾಶಿ ನಕ್ಕು ತೋರಿಸಿದಳು. "ಸಣ್ಣಾತು," ಎಂದಳು ತಾಯಿ. ಇನ್ನೊಮ್ಮೆ ನಕ್ಕಳು. ಹಂಚಿನ ಮೇಲೆ ರೊಟ್ಟಿ ಸೀದಿತು.

ಸ್ಟೇಷನ್ ರಸ್ತೆಯ ಟಾಕೀಜಿನಲ್ಲಿ, ಹೆಂಗಸರ ಕಡೆಯ ಬೆಂಚಿನ ಮೇಲೆ, ರುದ್ರವ್ವ ಗುರುಸಿದ್ದವ್ವನ ಪಕ್ಕದಲ್ಲೇ ಓರೆಯಾಗಿ ಕೂತಳು. ನೋಡಿದ ಪಿಕ್ಚರ್, ಪರದೆಯ ಮೇಲೆ ಅವಳಿಗೆ ಹೊಸದೇನೂ ಇರಲಿಲ್ಲ. ಶೇಂಗಾ ಸುಲಿಯುತ್ತ ಮುಖಗಳನ್ನು ನೋಡುತ್ತಿದ್ದಳು.

ಇಂಟರ್ವಲ್ ಮುಗಿಯಿತು. ಎರಡು ಜಡೆಯವಳು ಓಡಿದಳು. ಗಂಡಸರ ಕಡೆ ಸೀಟಿ ಬಿದ್ದವು. ಬಚ್ಚಲಿನಿಂದ ಅವಳು ಹೊರಬಂದಾಗ ಜಡೆಯ ಹೂವು ಕೂಡ ಅಲುಗಿರಲಿಲ್ಲ. ಒಮ್ಮೆ ವಾಂತಿ, ಅಲ್ಲಿಗೆ ಮುಗಿಯಿತು. ಕಾಶಿ ಇಪ್ಪತ್ತು ದಿನದಿಂದ ಕುಡಿದ ನೀರನ್ನೂ ಕಕ್ಕುತ್ತಿದ್ದಳು. ಸದ್ದು ಓಣಿಗೆ ಕೇಳಬಾರದೆಂದು ಪ್ರತಿ ಸಲವೂ ಗುರುಸಿದ್ದವ್ವ ಒರಳಿಗೆ ಮೆಣಸಿನಕಾಯಿ ಸುರಿದು ಕುಟ್ಟುತ್ತಿದ್ದಳು. ಮನೆಯ ಡಬ್ಬಿಗಳೆಲ್ಲ ಖಾರಪುಡಿಯಿಂದ ತುಂಬಿದ್ದವು.

ಪಕ್ಕದಲ್ಲಿ ಕಾಶಿ ನಕ್ಕಳು. ಮೊದಲೂ ಅಲ್ಲ, ಕಡೆಗೂ ಅಲ್ಲ, ಹೇಳಿಕೊಟ್ಟಷ್ಟೇ, ಹೇಳಿಕೊಟ್ಟಾಗಲೇ. ಆ ನಗು ಕೇಳಿ ಗುರುಸಿದ್ದವ್ವ ಮಗಳ ಕಡೆ ತಿರುಗಿದಳು. ಬೆಂಚಿಗೆ ಬೆಂಚೇ ನಗುತ್ತಿರುವಾಗ ಅವಳೊಬ್ಬಳ ಬಾಯಿ ತೆರೆಯಲಿಲ್ಲ. ಶೇಂಗಾ ಸುಲಿಯುವ ಸದ್ದು ನಿಂತದ್ದು ಮಾತ್ರ ಕೇಳಿಸಿತು.

ಕೊನೆಗೆ ಪಿಕ್ಚರಿನ ಹುಡುಗ ಮೋಟಾರ್ ಸೈಕಲ್ ಮೇಲೆ ಬಂದು ತಾಳಿ ಕಟ್ಟಿದ. ಬಸುರಿಗೆ ಉಡಿ ತುಂಬುವ ಕುಬಸದ ಹಾಡೂ ಆಯಿತು. ಜನ ಬಿಸಿಲಿಗೆ ಬಿದ್ದರು.

ಮುಂದೆ ಹೆಂಗಸರು ಡುಮ್ಮನ ಹಾಗೆ ಬೆರಳು ಎಣಿಸುತ್ತ ಹೊರಟಿದ್ದರು. ರುದ್ರವ್ವ ಹಿಂದುಳಿದಳು.

"ನೀ ಯಾಕ ನಗಲಿಲ್ಲ ಬೇ?"

"ತಲಿ ನೋಯಾಕತ್ತೈತಿ."

"ಇಪ್ಪತ್ತ ದಿನದಿಂದ ಕುಟ್ಟೇ ಕುಟ್ಟಾಕತ್ತಿ. ಮೂರ ಮಂದಿಗೆ ಎಷ್ಟ ಖಾರ ಬೇಕ?" ರುದ್ರವ್ವ ದನಿ ಇಳಿಸಿದಳು. "ಎಷ್ಟ ತಿಂಗಳಾತು?"

ಗುರುಸಿದ್ದವ್ವ ಒಂದು ಸುಳ್ಳು ಹುಡುಕಿದಳು. ಅದನ್ನು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ.

"ಮೂರು."

ರುದ್ರವ್ವ ಸೀರೆಗಂಟಿದ ಶೇಂಗಾ ಸಿಪ್ಪೆ ಝಾಡಿಸಿದಳು. ಒಂದೊಂದಾಗಿ, ಸಾವಕಾಶ.

"ಈ ವಾರ ನಾ ಟಿಕೋಟಾಕ್ಕ ಹೋಗಂಗಿಲ್ಲ," ಎಂದಳು. "ಮೊಣಕಾಲ ಹಿಡದಾವ."

ಎಂದವಳೇ ಸರಸರನೆ ಹೆಜ್ಜೆ ಹಾಕಿ ಮುಂದಿನವರನ್ನು ಕೂಡಿಕೊಂಡಳು. "ಏ, ಆ ಡುಮ್ಮ ಬಿದ್ದದ್ದ ನೋಡಿದ್ರೇನ್ರಬೇ!" ಎಂದು ಕೂಗಿದಳು.

ಕಾಶಿ ತಾಯಿಯ ಹತ್ತಿರ ಬಂದಳು. ಟಾಕೀಜಿನಲ್ಲಿ ಹಚ್ಚಿಕೊಂಡ ನಗು ಇನ್ನೂ ಹಾಗೇ ಮುಖದ ಮೇಲಿತ್ತು, ಕೆನ್ನೆ ಅದುರುತ್ತಿತ್ತು.

"ಯವ್ವಾ, ಇನ್ನ ನಗೂದು ಬಿಡ್ಲೇನು?"

ಗುರುಸಿದ್ದವ್ವ ಮುಂದೆ ಹೋಗುತ್ತಿದ್ದ ಹೆಂಗಸರನ್ನು ನೋಡಿದಳು.

"ಮನಿ ಬಾಗಲಾ ಹಾಕೂಮಟ ತಡಿಯವ್ವಾ," ಎಂದಳು.