ಬಿಡು ಅಂದದ್ದು ಯಾರು

ಗೇಟು ಬಿತ್ತು, ಕೆಂಪು ದೀಪಗಳು ಸರದಿಯಲ್ಲಿ ಮಿನುಗತೊಡಗಿದವು, ಗಂಟೆ ಬಡಿಯುತ್ತಲೇ ಇದೆ, ರೈಲು ಮಾತ್ರ ಇನ್ನೂ ಕ್ಯಾನಿಂಗ್ಟನ್ ನಿಲ್ದಾಣ ಬಿಟ್ಟು ಹೊರಟಿಲ್ಲ — ನಿಂತ ರೈಲಿಗೆ ಇಷ್ಟು ಬೇಗ ಗೇಟು ಯಾಕೆ ಹಾಕುತ್ತಾರೆ, ಅದು ಹೊರಡುತ್ತದೆ ಅಂತ ಗೇಟಿಗೆ ಯಾರು ಹೇಳುತ್ತಾರೆ, ಡ್ರೈವರನೋ, ಹಳಿಯೋ, ಹನ್ನೆರಡು ವರ್ಷದಿಂದ ಇದೇ ಗೇಟು ದಾಟುತ್ತಿರುವ ಉದಯಶಂಕರನಿಗೆ ಈ ಪ್ರಶ್ನೆ ಹೊಳೆದದ್ದು ಇವತ್ತು, ಹೊಳೆದದ್ದಕ್ಕೆ ಒಂದು ಬಗೆಯ ಖುಷಿಯೂ ಆಯಿತು, ಈ ಪ್ರಶ್ನೆ ಇರುವಷ್ಟು ಹೊತ್ತು ಇನ್ನೊಂದನ್ನು ಕೇಳಿಕೊಳ್ಳಬೇಕಾಗಿಲ್ಲವಲ್ಲ. ಗೇಟಿನಾಚೆ ಥಾರ್ನ್ಲಿ, ಥಾರ್ನ್ಲಿಯಲ್ಲಿ ಉಮಾಕಾಂತನ ಮನೆ, ಅಲ್ಲಿಗೆ ಹೋಗಿ ಹೇಳಬೇಕು, ಉಮಾಕಾಂತ, ನಿನ್ನನ್ನು ತಂಡದಿಂದ ತೆಗೆದಿದ್ದೇವೆ. ತೆಗೆದಿದ್ದೇವೆ, ಬಹುವಚನ. ಬಹುವಚನದ ಹಿಂದೆ ಎಷ್ಟು ಜನ ಬೇಕಾದರೂ ನಿಂತುಕೊಳ್ಳಬಹುದು, ಒಬ್ಬನೇ ಇದ್ದರೂ ನಿಂತುಕೊಳ್ಳಬಹುದು. ಉದಯಶಂಕರ್ ಹಗಲೆಲ್ಲ ಗಣಿ ಕಂಪನಿಯಲ್ಲಿ ಕಲ್ಲು ನೋಡುವವನು, ಸಂಜೆ ಯೂನಿವರ್ಸಿಟಿ ಹುಡುಗರ ಫುಟ್‌ಬಾಲ್ ತಂಡಕ್ಕೆ ಹೆಡ್ ಕೋಚ್, ಬಂಡೆಯಲ್ಲಿ ಬಿರುಕು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವುದಕ್ಕೇ ಸಂಬಳ ತೆಗೆದುಕೊಳ್ಳುವವನು, ಇಲ್ಲಿ ಮಾತ್ರ ಬೆರಳನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ.

ಉಮಾಕಾಂತನನ್ನು ತಂಡಕ್ಕೆ ಕರೆದುಕೊಂಡು ಬಂದವನೂ ಅವನೇ. ಉಮಾಕಾಂತ ಮೈಸೂರಿನಲ್ಲಿ ಡ್ರಿಲ್ ಮೇಷ್ಟ್ರು, ಇಲ್ಲಿಗೆ ಬಂದದ್ದು ಹೆಂಡತಿ ಇಂದುಮತಿಯ ವೀಸಾದ ಬಾಲ ಹಿಡಿದುಕೊಂಡು, ಬೆಳಗ್ಗೆ ಸರ್ವೋದಲ್ಲಿ, ಇಲ್ಲಿಯವರ ಪೆಟ್ರೋಲ್ ಬಂಕಿನಲ್ಲಿ, ಕೌಂಟರು, ಸಂಜೆ ತಂಡದ ಡಿಫೆನ್ಸ್ ಕೋಆರ್ಡಿನೇಟರ್, ಅಂದರೆ ಗೋಲಿನ ಮುಂದೆ ನಿಲ್ಲುವ ಹುಡುಗರಿಗೆ ಎಲ್ಲಿ ನಿಲ್ಲಬೇಕು ಅಂತ ಕಲಿಸುವವನು — ಸರ್ವೋದಲ್ಲಿ ನನ್ನ ಹೆಸರು ಯೂಮಾ ಸರ್, ಗ್ರೌಂಡಲ್ಲಿ ಮಾತ್ರ ಪೂರ್ತಿ ಉಮಾಕಾಂತ ಅಂತಾರೆ, ನಾನೇ ಕಲಿಸ್ಬಿಟ್ಟಿದ್ದೀನಿ, ಎಂದು ಒಮ್ಮೆ ನಕ್ಕಿದ್ದ. ಹೆಸರಿನ ಜೊತೆ ನಾಲ್ಕು ಮಾತನ್ನೂ ಕಲಿಸಿದ್ದ, ಹಿಡಿ, ಬಿಡು, ಒಳಗೆ, ಹಿಂದೆ, ಎದುರಾಳಿಗೆ ಗೊತ್ತಾಗಬಾರದು ಅಂತ. ಬಿಡು ಅಂದರೆ ಚೆಂಡು ಮುಟ್ಟಬೇಡ, ಹಿಂದೆ ಗೋಲ್‌ಕೀಪರ್ ಇದ್ದಾನೆ, ಅವನಿಗೆ ಹೋಗಲಿ. ಕೆಂಚು ಕೂದಲಿನ ಲಿಯಾಮ್ ಒಂದು ವಾರ ಬಿಡೂ ಬಿಡೂ ಅಂತ ಹಾಡಿಕೊಂಡು ಓಡಾಡಿದ್ದ. ಬ್ರಿಸ್ಬೇನ್‌ನ ಸೆಮಿಫೈನಲ್ಲಿನಲ್ಲಿ ಆ ನಾಲ್ಕು ಮಾತು ಏನು ಕೆಲಸ ಮಾಡಿದವು, ಎದುರಿನ ಹುಡುಗರು ಕಕ್ಕಾಬಿಕ್ಕಿ, ಪಕ್ಕದ ಊರು ಇಪ್ಸ್‌ವಿಚ್‌ನ ಆಸ್ಪತ್ರೆಯ ಕನ್ನಡದ ನರ್ಸಮ್ಮ ಒಬ್ಬರು ಗ್ಯಾಲರಿಯಲ್ಲಿ ಬಿದ್ದು ಬಿದ್ದು ನಗುತ್ತಿದ್ದರು, ಅಯ್ಯೋ ನಮ್ಮ ಕನ್ನಡ, ಒಳಗೆ ಬಾ ಅಂತಿದಾನೆ ಆ ಬಿಳೀ ಹುಡುಗ! ತಂಡದ ಅಧ್ಯಕ್ಷ ಗ್ರೆಗ್ ಉಮಾಕಾಂತನ ಬೆನ್ನು ತಟ್ಟಿ, ಜೀನಿಯಸ್ ಮೇಟ್, ಅಂದಿದ್ದ. ಅದಾಗಿ ಎಂಟೇ ದಿನಕ್ಕೆ ಅಡಿಲೇಡ್. ಜೀನಿಯಸ್ ಎಂಟು ದಿನದಲ್ಲಿ ಹೇಗೆ ಮುಠ್ಠಾಳನಾಗುತ್ತಾನೆ, ಇದೂ ಕುತೂಹಲದ ವಿಷಯವೇ.

ಅಡಿಲೇಡಿನ ಫೈನಲ್, ಒಂದು ಒಂದು ಸಮ, ಇನ್ನು ಎರಡು ನಿಮಿಷ, ಗಾಳಿ ಎಡದಿಂದ ಬೀಸುತ್ತಿದೆ, ಚೆಂಡು ಉರುಳಿಕೊಂಡು ಲಿಯಾಮನ ಕಡೆ ಬರುತ್ತಿದೆ, ಅವನ ಬೆನ್ನಿಗೆ ಎದುರಾಳಿ ಓಡಿ ಬರುತ್ತಿದ್ದಾನೆ, ಕೀಪರ್ ಬಹಳ ದೂರ, ಒದ್ದು ದಾಟಿಸಿದರೆ ಮುಗಿಯಿತು — ಆಗ ಗೆರೆಯಾಚೆಯಿಂದ ಒಂದು ಕೂಗು, ಬಿಡೋ! ಲಿಯಾಮ್ ಕಾಲೆತ್ತಿದ. ಚೆಂಡು ಆ ಕಾಲಿನ ಕೆಳಗೆ ದಾಟಿ ಹೋಯಿತು, ಎದುರಾಳಿ ಅದನ್ನು ಗೋಲಿನೊಳಗೆ ತಳ್ಳಿದ, ಅಷ್ಟೇ. ಲಿಯಾಮ್ ಅಲ್ಲೇ ನಿಂತಿದ್ದ, ಕಾಲು ಇನ್ನೂ ಗಾಳಿಯಲ್ಲಿ, ಹೇಳಿದ್ದನ್ನೇ ಮಾಡಿದೆನಲ್ಲ ಎಂಬ ಮುಖ. ಬಿಡೋ. ಉದಯಶಂಕರ್ ಹುಡುಗನಾಗಿ ಚಾಮುಂಡಿಪುರದ ಬೀದಿಯಲ್ಲಿ ಆಡುತ್ತಿದ್ದಾಗ ಬಿಡೋ ಅಂದರೆ ಬಾರಿಸು ಅಂತ, ಒಂದು ಬಿಡೋ, ಸರಿಯಾಗಿ ಬಿಡೋ, ಜಗಳದಲ್ಲೂ ಕಪಾಳಕ್ಕೆ ಒಂದು ಬಿಟ್ಟ ಅಂತಲೇ ಹೇಳುತ್ತಿದ್ದದ್ದು, ಹನ್ನೆರಡು ವರ್ಷ ಇಂಗ್ಲಿಷಿನಲ್ಲಿ ಕೋಚಿಂಗ್ ಮಾಡಿದ ಬಾಯಿ, ಆ ಒಂದು ಕ್ಷಣಕ್ಕೆ ಬೀದಿಗೆ ಓಡಿಹೋಯಿತು. ಪಾಪ ಲಿಯಾಮನಿಗೆ ಕನ್ನಡದ ಬಿಡು ಗೊತ್ತಿದ್ದದ್ದು ಒಂದೇ, ನಮಗೆ ಗೊತ್ತಿರುವುದು ಹತ್ತು. ಮರುದಿನ ಉಮಾಕಾಂತನಿಲ್ಲದ ಮೀಟಿಂಗಿನಲ್ಲಿ ಗ್ರೆಗ್ ಕೇಳಿದ, ಕೂಗಿದ್ದು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಉದಯಶಂಕರ್ ಕಾಲರ್ ಸರಿಮಾಡಿಕೊಂಡ, ಯಾರೂ ನೋಡಲಿಲ್ಲ, ಎಲ್ಲರೂ ಆಗಲೇ ತೀರ್ಮಾನಿಸಿದ್ದರು, ಆ ಪರದೇಶದ ಮಾತುಗಳು ಉಮಾಕಾಂತನವು, ಕೂಗೂ ಅವನದೇ, ಯಾರಾದರೂ ಒಬ್ಬರು ಇದನ್ನು ತೊಟ್ಟುಕೊಳ್ಳಲೇಬೇಕು ಮೇಟ್, ನೀನೇ ಹೋಗಿ ಹೇಳು, ನಿಮ್ಮವನಲ್ಲವೇ, ಎಂದ ಗ್ರೆಗ್. ತಪ್ಪೇನು ಅಂಗಿಯೇ, ಅಳತೆ ನೋಡದೆ ಯಾರಿಗಾದರೂ ತೊಡಿಸುವುದಕ್ಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ಸುಮ್ಮನೆ ತಲೆಯಾಡಿಸಿತು. ಇವತ್ತು ಬೆಳಗ್ಗೆ ಮಗಳು ಪ್ರಣತಿ ಟೋಸ್ಟ್ ಕಚ್ಚುತ್ತ ಫೋನಿನಲ್ಲಿ ಮ್ಯಾಚಿನ ವಿಡಿಯೋ ನೋಡುತ್ತಿದ್ದಳು, ಕನ್ನಡ ಅರ್ಥವಾಗುತ್ತದೆ, ಆಡುವುದಿಲ್ಲ, ತಲೆಯೆತ್ತದೆ ಕೇಳಿದಳು, ಅಪ್ಪಾ, ದಟ್ಸ್ ಯೂ, ಇಸಂಟ್ ಇಟ್? ಅವನು ಫ್ರಿಡ್ಜಿನ ಬಾಗಿಲು ತೆಗೆದು ಒಳಗೆ ಏನೋ ಹುಡುಕಿದ. ಏನು ಹುಡುಕಿದ್ದು ಅಂತ ಈಗಲೂ ನೆನಪಾಗುತ್ತಿಲ್ಲ.

ಗೇಟು ಎದ್ದಿದೆ, ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಶಾಪಿಂಗ್ ಸೆಂಟರಿನ ಎದುರು ಎಡಕ್ಕೆ, ಮೂರನೆಯ ಮನೆ, ಬಾಗಿಲಲ್ಲಿ ಇಂದುಮತಿ, ಬನ್ನಿ ಬನ್ನಿ, ಕಾಫಿ ಇಡ್ತೀನಿ, ಇವರು ಹಿಂದುಗಡೆ ಇದಾರೆ. ಅವಳ ದನಿ ಏಕೆ ಇಷ್ಟು ಮೃದು, ಗೊತ್ತಾಗಿದೆಯೇ, ಗೊತ್ತಾಗಿದ್ದರೆ ಕಾಫಿ ಯಾಕೆ? ಹಿತ್ತಲಿನ ಸಿಮೆಂಟ್ ನೆಲದ ಮೇಲೆ ಉಮಾಕಾಂತ ಮಕ್ಕಳ ಬಣ್ಣದ ಬಿಲ್ಲೆಗಳನ್ನು ಜೋಡಿಸಿ ಕುಕ್ಕರಗಾಲಲ್ಲಿ ಕೂತಿದ್ದಾನೆ, ಕೆಂಪು ಲಿಯಾಮ್, ಹಳದಿ ಕೀಪರ್, ಗಡ್ಡ ಬೋಳಿಸಿ ನಾಲ್ಕು ದಿನವಾಗಿದೆ. ಗೊತ್ತು ಸರ್, ಹೇಳೋಕ್ ಬಂದಿದ್ದೀರ, ಗ್ರೆಗ್ ಮುಖ ನೋಡಿದಾಗಲೇ ಗೊತ್ತಾಯ್ತು, ಅದಕ್ಕೇನು ಬೇಜಾರಿಲ್ಲ, ತೆಗೀರಿ. ಆದ್ರೆ ಒಂದು ಅರ್ಥ ಆಗ್ತಿಲ್ಲ. ನೋಡಿ, ಕೀಪರ್ ಇಲ್ಲಿದಾನೆ, ಇಷ್ಟು ದೂರ, ಇಂಥಾ ಟೈಮಲ್ಲಿ ನಾನ್ ಯಾಕೆ ಬಿಡು ಅಂದೆ? ಅಂದ ನೆನಪೇ ಇಲ್ಲ ಸರ್. ತೊಂಬತ್ತು ನಿಮಿಷ ಕೂಗಿದೀನಿ, ಯಾವುದು ಅಂದೆ ಯಾವುದು ಬಿಟ್ಟೆ ಅಂತ ಹೆಂಗ್ ಹೇಳ್ಲಿ, ಎಲ್ರೂ ನೀನೇ ಅಂತಾರೆ. ತಲೆ ಕೆಟ್ಟೋಯ್ತಾ ನಂಗೆ? ನಾಳೆಯಿಂದ ಯಾವ ಹುಡುಗನಿಗೆ ಏನ್ ಕಲಿಸ್ಲಿ? ಅವನ ಬೆರಳು ಹಳದಿ ಬಿಲ್ಲೆಯನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತಿದೆ, ಅಯ್ಯೋ, ಕೆಲಸ ಹೋಗುತ್ತದೆ ಅಂತ ಅಲ್ಲ, ಈ ಮನುಷ್ಯ ತನ್ನ ತಲೆಯನ್ನೇ ನಂಬದೆ ಕೂತಿದ್ದಾನೆ, ಉದಯಶಂಕರನಿಗೆ ನಾಚಿಕೆಯಾಯಿತು. ನೀನಲ್ಲ ಉಮಾಕಾಂತ. ನಾನು. ಒದೀಲಿ ಅಂತ ಕೂಗ್ದೆ, ಒಂದು ಬಿಡೋ ಅಂತ. ಬಿಲ್ಲೆ ನಿಂತಿತು. ಹಂಗಾದ್ರೆ ನಾನ್ ಅಂದಿಲ್ಲ, ಎಂದ ಉಮಾಕಾಂತ, ಅಡುಗೆಮನೆಯ ಕಡೆ ತಿರುಗಿ ಜೋರಾಗಿ, ಇಂದೂ, ನಾನ್ ಅಂದಿಲ್ವಂತೆ ಕಣೇ! ನಕ್ಕ, ಕಣ್ಣೊರೆಸಿಕೊಂಡ, ಆಮೇಲೆ ನಗು ನಿಂತಿತು, ಮೇಲಕ್ಕೆ ನೋಡಿದ, ನಾಲ್ಕು ದಿನ ಸರ್, ಎಂದ. ಉದಯಶಂಕರ್ ಫೋನ್ ತೆಗೆದು ಗ್ರೆಗ್‌ನ ನಂಬರು ಒತ್ತಿದ, ಕೂಗಿದ್ದು ನಾನು, ತೊಟ್ಟುಕೊಳ್ಳುವವನೂ ನಾನೇ, ಇಂಗ್ಲಿಷಿನಲ್ಲಿ ಇದನ್ನು ಎರಡೇ ಮಾತಿನಲ್ಲಿ ಹೇಳಬಹುದೇ, ಆ ಕಡೆ ರಿಂಗಾಗುತ್ತಿದೆ, ಈ ಕಡೆ ಉಮಾಕಾಂತ ನೆಲದ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತ ಅಂದ, ಬಿಡಿ ಸರ್. ಬಿಡಿ — ಹೋಗಲಿ ಅಂತಲೋ, ಫೋನ್ ಬೇಡ ಅಂತಲೋ, ಇನ್ನು ನೀವೇ ಬಿಡಿ ಅಂತಲೋ, ಮುಖ ಕಾಣುತ್ತಿಲ್ಲ, ಹತ್ತರಲ್ಲಿ ಯಾವ ಬಿಡಿ, ಗ್ರೆಗ್ ಹಲೋ ಅನ್ನುತ್ತಿದ್ದಾನೆ, ಮತ್ತೆ ಹಲೋ, ಕೂಗಿದ್ದು ನಾನು ಗ್ರೆಗ್, ಅಂದಾಯಿತು, ಕಣ್ಣೆದುರು ಲಿಯಾಮನ ಕಾಲು ಮೇಲೆ, ಚೆಂಡು ಇನ್ನೂ ಅದರ ಕೆಳಗೆ.